ಹಳೆಯ ಚೌಕಟ್ಟು, ಇಂದಿನ ಮುಖ

ಹಳೆಯ ಕಾಲದ ಕನ್ನಡಕದ ಚೌಕಟ್ಟುಗಳನ್ನು ಹುಡುಕಿ ಕೊಳ್ಳುವ ಹವ್ಯಾಸವನ್ನು ನಾನು ಹಳಿಯಲಾರೆ. ಅದಕ್ಕೆ ನಾನೂ ಒಮ್ಮೆ ಸಿಕ್ಕಿದವನೇ. ಮುಂಬಯಿಯ ಚೋರ್ ಬಜಾರಿನಲ್ಲಿ ಹಿತ್ತಾಳೆಯ ದೀಪ, ಗಡಿಯಾರಗಳ ನಡುವೆ ಲೋಹದ ದುಂಡು ಚೌಕಟ್ಟೊಂದು ಕಣ್ಣಿಗೆ ಬಿತ್ತು. ನಮ್ಮ ತೀರ್ಥರೂಪರು ಧರಿಸುತ್ತಿದ್ದುದು ಅಂಥದೇ. ಅಳೆದು ನೋಡುವ ವ್ಯವಧಾನವಿಲ್ಲದೆ ಕೇಳಿದಷ್ಟು ಹಣ ತೆತ್ತು ಕೊಂಡೆನು. ಊರಿಗೆ ಬಂದು ಗಾಜು ಹಾಕಿಸಿದೆನು.

ಮೊದಲ ವಾರ ಕನ್ನಡಿಯ ಮುಂದೆ ಸಂತೋಷ, ಎರಡನೆಯ ವಾರ ತಲೆನೋವು. ಒಂದು ಸಂಜೆ ಮೆಟ್ಟಿಲು ಇದ್ದಲ್ಲಿ ಕಾಣದೆ ಮುಗ್ಗರಿಸಿ ಬಿದ್ದೆನು. ಮೊಣಕೈ ಮುರಿಯದೆ ಉಳಿದದ್ದು ದೈವಕೃಪೆ.

ಅನುಭವಿಗಳಾದ ಕನ್ನಡಕ ತಜ್ಞರೊಬ್ಬರು ಪರೀಕ್ಷಿಸಿ ಎರಡು ದೋಷಗಳನ್ನು ತೋರಿಸಿದರು. ನನ್ನ ಗಾಜಿನಲ್ಲಿ ಸಿಲಿಂಡರ್ ಪವರ್ ಇದೆ. ಅಂಥ ಗಾಜು ಗೊತ್ತಾದ ಕೋನದಲ್ಲಿಯೇ ನಿಲ್ಲಬೇಕು. ದುಂಡು ಚೌಕಟ್ಟಿನ ತಿರುಪು ಸಡಿಲವಾದರೆ, ಒರೆಸುವಾಗಲೆಲ್ಲ ಗಾಜು ತಿರುಗುತ್ತದೆ. 30 ಡಿಗ್ರಿ ತಿರುಗಿದರೆ ಆ ಪವರಿನ ಪ್ರಯೋಜನವೆಲ್ಲ ವ್ಯರ್ಥ. ಎರಡನೆಯದು ಅಳತೆಯ ದೋಷ. ಒಂದು ಗಾಜಿನ ಅಗಲ 40, ಮೂಗಿನ ಮೇಲಿನ ಅಂತರ 20. ಕೂಡಿದರೆ 60 ಮಿಲಿಮೀಟರ್. ನನ್ನ ಕಣ್ಣುಪಾಪೆಗಳ ನಡುವಿನ ದೂರವಾದರೋ 66. ಗಾಜು ಕತ್ತರಿಸುವಾಗ ಇದನ್ನು ಲೆಕ್ಕಿಸದಿದ್ದುದರಿಂದ ಎರಡೂ ಕಣ್ಣುಗಳು ಗಾಜಿನ ಕೇಂದ್ರವನ್ನು ತಪ್ಪಿ ನೋಡುತ್ತಿದ್ದವು.

ಆದುದರಿಂದ ಕೊಳ್ಳುವವರು ಮೊದಲು ಈ ಮೊತ್ತವನ್ನು ತಮ್ಮ ಕಣ್ಣಿನ ಅಳತೆಯೊಡನೆ ಹೋಲಿಸಬೇಕು. ಕಡ್ಡಿಯ ಒಳಭಾಗದಲ್ಲಿ 48, 20, 140 ಎಂಬಂತೆ ಅಂಕಿಗಳಿದ್ದರೆ, ಅವು ಕ್ರಮವಾಗಿ ಗಾಜಿನ ಅಗಲ, ಮೂಗಿನ ಅಂತರ, ಕಡ್ಡಿಯ ಉದ್ದ. ಅಮೆರಿಕದ ಹಳೆಯ ಚೌಕಟ್ಟುಗಳಲ್ಲಿ ಕಡ್ಡಿಯ ಉದ್ದ ಅಂಗುಲದಲ್ಲಿರುವುದುಂಟು. ಐದೂಮುಕ್ಕಾಲು ಅಂಗುಲವೆಂದರೆ 146 ಮಿಲಿಮೀಟರ್. ಅಂಕಿ ಅಳಿಸಿದ್ದರೆ ಅಳತೆಪಟ್ಟಿಯೇ ಗತಿ. ಲೋಹದ ಚೌಕಟ್ಟಿನ ಮೂಗಿನ ಮೆತ್ತೆಗಳನ್ನು ಸರಿಹೊಂದಿಸಬಹುದು. ಪ್ಲಾಸ್ಟಿಕ್ಕಿನದರಲ್ಲಿ ಮೂಗಿನ ಭಾಗ ಸಾಮಾನ್ಯವಾಗಿ ಅಚ್ಚಿನಲ್ಲಿಯೇ ನಿಶ್ಚಿತ. ಅಲ್ಲಿ ಹೊಂದದ್ದನ್ನು ಬಿಡುವುದೇ ಲೇಸು. ಕಡ್ಡಿಯನ್ನು ಮಾತ್ರ ಬಿಸಿಗಾಳಿಯಲ್ಲಿ ಮೆತ್ತಗಾಗಿಸಿ ಕಿವಿಗೆ ತಕ್ಕಂತೆ ಬಾಗಿಸಿಕೊಡುತ್ತಾರೆ.

ಆದರೆ ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಎಚ್ಚರಿಕೆ: ಅದು ಸೆಲ್ಯುಲಾಯ್ಡ್, ಬೇಗ ಬೆಂಕಿ ಹಿಡಿಯುವ ವಸ್ತು. ವಿನಿಗರ್‌ನ ಹುಳಿವಾಸನೆ ಬಂದರೆ ಅಸಿಟೇಟ್ ಒಳಗೊಳಗೆ ಕೆಡುತ್ತಿದೆಯೆಂದು ತಿಳಿಯಬೇಕು. ಕಡಲಾಮೆಯ ಚಿಪ್ಪಿನ ಚೌಕಟ್ಟಿನ ಆಸೆಯೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದರ ಮಾರಾಟ ಅಪರಾಧ. ಮಾರುವವನು 'ಚಿನ್ನದ್ದು' ಎಂದರೆ ಮುದ್ರೆ ನೋಡಿರಿ. 'ಹತ್ತನೆಯ ಒಂದು, 12 ಕೆ, ಜಿ.ಎಫ್.' ಎಂದಿದ್ದರೆ, ತೂಕದ ಹತ್ತನೆಯ ಒಂದು ಭಾಗ ಮಾತ್ರ 12 ಕ್ಯಾರಟ್ ಲೇಪ. ಅದರಲ್ಲಿಯೂ ಅರ್ಧವೇ ಶುದ್ಧ ಚಿನ್ನ.

ಮರುವರ್ಷ ಅಳತೆ ಬರೆದ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ, ಕಂದು ಬಣ್ಣದ ಅಗಲವಾದ ಇನ್ನೊಂದು ಹಳೆಯ ಚೌಕಟ್ಟನ್ನು ತಂದೆನು. ಅದನ್ನು ಧರಿಸಿದರೆ ನಾನು ತೀರ್ಥರೂಪರಂತೆ ಕಾಣುವುದಿಲ್ಲ. ಆದರೆ ಅವರು ಸಣ್ಣಕ್ಷರದಲ್ಲಿ ಬರೆದಿಟ್ಟ ಲೆಕ್ಕದ ಪುಸ್ತಕವನ್ನು ರಾತ್ರಿ ಹೊತ್ತೂ ತಲೆನೋವಿಲ್ಲದೆ ಓದುತ್ತಿದ್ದೇನೆ. ದುಂಡು ಚೌಕಟ್ಟು ಅದೇ ಪುಸ್ತಕದ ಪಕ್ಕದಲ್ಲಿ, ಪೆಟ್ಟಿಗೆಯೊಳಗಿದೆ.