ಶ್ರುತಿ ಯಾರ ಮನೆಯ ಸ್ವತ್ತು?

ಗಿಟಾರಿನ ಕತ್ತಿಗೆ ಕಚ್ಚಿಸುವ ಒಂದು ಸಣ್ಣ ಕ್ಲಿಪ್ಪಿನ ಪರವಾಗಿ ನಾನು ಜಗಳಕ್ಕೆ ನಿಂತಿದ್ದೇನೆ. ಅದರ ಹೆಸರು ಕೇಪೋ. ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ಹೇಳಿಕೊಡುವ ಹೆಂಗಸಿಗೆ ಇದರ ಉಸಾಬರಿ ಯಾಕೆ ಎನ್ನುತ್ತೀರಾ? ಕೇಳಿ. ನಮ್ಮಂಥ ತಾಲ್ಲೂಕು ಊರುಗಳಲ್ಲೂ ಈಗ ಸಂಜೆ ಹೊತ್ತು ಹುಡುಗಿಯರು ಬೆನ್ನಿಗೆ ಗಿಟಾರಿನ ಚೀಲ ಹಾಕಿಕೊಂಡು ಕ್ಲಾಸಿಗೆ ಹೋಗುತ್ತಾರೆ. ನೋಡಲಿಕ್ಕೇ ಖುಷಿ. ಅವರಲ್ಲಿ ಒಬ್ಬಳು, ನನ್ನ ತರಗತಿಯವಳೇ, ಅಮೆರಿಕದ ಹಳೆಯ ಜನಪದ ಬ್ಲೂಸ್ ಹಾಡುಗಳನ್ನು ಬೆರಳಿನಲ್ಲಿ ಮೀಟಿ ನುಡಿಸುವ ಹುಚ್ಚು ಹತ್ತಿಸಿಕೊಂಡವಳು, ಒಂದು ದಿನ ಕ್ಲಾಸು ಬಿಟ್ಟೇ ಬಿಟ್ಟಳು. ತನ್ನ ಕಂಠಕ್ಕೆ ಹೊಂದಲೆಂದು ಕೇಪೋ ಹಾಕಿದ್ದಕ್ಕೆ ಕಲಿಸುವವರು ‘ಇದು ಮೋಸ, ಕೈಲಾಗದವರ ದಾರಿ’ ಎಂದರಂತೆ. ತಂತಿಗಳನ್ನು ಇಳಿಸಿ ಬೇರೆ ಶ್ರುತಿ ಮಾಡಿಕೊಂಡದ್ದಕ್ಕೆ ‘ಸಂಗೀತದ ಗಂಧ ಇಲ್ಲದವರು ಮಾಡುವ ಕೆಲಸ’ ಎಂದರಂತೆ. ಕೇಪೋ ತೆಗೆಸಿ ಪುಸ್ತಕದಲ್ಲಿದ್ದ ಶ್ರುತಿಯಲ್ಲೇ ಹಾಡಿಸಿದಾಗ ಹುಡುಗಿಯ ದನಿ ಒಡೆಯಿತು. ‘ನಿನ್ನ ಕಂಠ ಹಾಡಿಗಲ್ಲ ಬಿಡು, ಬರೀ ನುಡಿಸು’ ಎಂಬ ತೀರ್ಪೂ ಹೊರಬಿತ್ತು.

ನನ್ನ ಸಿಟ್ಟು ಆ ಕೊನೆಯ ತೀರ್ಪಿನ ಮೇಲೆ. ಹದಿನಾಲ್ಕು ವರ್ಷದ ಹುಡುಗಿಗೆ ನಿನ್ನ ಕಂಠ ಸರಿಯಿಲ್ಲ ಎಂದರೆ ಅವಳು ಮುಂದೆ ಅಡುಗೆಮನೆಯಲ್ಲೂ ಗುನುಗುವುದಿಲ್ಲ. ಹಾಗೆ ಬಾಯಿ ಮುಚ್ಚಿಕೊಂಡ ಹೆಂಗಸರು ಎಷ್ಟು ಜನರಿದ್ದಾರೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಮೊದಲು ವಿಷಯ ಏನೆಂದು ನೋಡೋಣ. ಗಿಟಾರಿಗೆ ಆರು ತಂತಿ. ಮಂದ್ರದಿಂದ ಮೇಲಕ್ಕೆ ಇ, ಎ, ಡಿ, ಜಿ, ಬಿ, ಇ ಎಂದು ಅವನ್ನು ಕೂಡಿಸುವುದು ಈಗಿನ ವಾಡಿಕೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಪ್ರತಿ ತಂತಿಯೂ ಹಿಂದಿನದಕ್ಕೆ ಶುದ್ಧ ಮಧ್ಯಮದಷ್ಟು ಎತ್ತರ, ಜಿ ಮತ್ತು ಬಿ ನಡುವೆ ಮಾತ್ರ ಅಂತರ ಗಾಂಧಾರದಷ್ಟು. ಅನುಕೂಲವಾದ ಏರ್ಪಾಡು, ಅನುಮಾನವಿಲ್ಲ. ನಾನಾ ಶ್ರುತಿಗಳ ಹಾಡುಗಳನ್ನು ಒಂದೇ ಕೂರಿಕೆಯಲ್ಲಿ ನುಡಿಸಬಹುದು. ಆದರೆ ಅದು ಅನುಕೂಲಕ್ಕೆ ಮಾಡಿಕೊಂಡದ್ದು. ವೇದವಾಕ್ಯವಲ್ಲ.

ಬ್ಲೂಸ್ ನುಡಿಸುವವರು ಏನು ಮಾಡಿದರು? ಬಿರಡೆ ತಿರುಗಿಸಿ ಕೆಲವು ತಂತಿಗಳನ್ನು ಇಳಿಸಿದರು. ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ಇದನ್ನೇ ಸ್ವರದಲ್ಲಿ ಹೇಳಿ ನೋಡಿ: ಸ ಪ ಸ ಗ ಪ ಸ. ತಂಬೂರಿಯ ಮುಂದೆ ಒಂದು ದಿನ ಕೂತವರಿಗೂ ಇದು ಹೊಸದಲ್ಲ! ಇನ್ನೊಂದು, ಡಿ, ಜಿ, ಡಿ, ಜಿ, ಬಿ, ಡಿ: ಪ ಸ ಪ ಸ ಗ ಪ. ಎಡಗೈ ತಂತಿಯನ್ನು ಮುಟ್ಟುವ ಮೊದಲೇ ವಾದ್ಯ ಶ್ರುತಿಗೂಡಿ ಮೊಳಗುತ್ತದೆ. ಹೆಬ್ಬೆರಳು ಮಂದ್ರದ ತಂತಿಗಳನ್ನು ಒಂದಾದ ಮೇಲೊಂದರಂತೆ ತಾಳ ಹಾಕಿದ ಹಾಗೆ ಮೀಟುತ್ತಿರುತ್ತದೆ. ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಹಾಡನ್ನು ತೆಗೆಯುತ್ತವೆ. ಒಬ್ಬರೇ ಕೂತು ನುಡಿಸುತ್ತಿದ್ದರೂ ಪಕ್ಕದಲ್ಲಿ ಇನ್ನೊಬ್ಬರಿದ್ದಾರೆ ಅನ್ನಿಸುವುದು ಇದರಿಂದಲೇ. ಮಿಸಿಸಿಪ್ಪಿಯ ಸ್ಕಿಪ್ ಜೇಮ್ಸ್ ಆ ಗಾಂಧಾರವನ್ನೂ ಅರ್ಧ ಮನೆ ಇಳಿಸಿ ಸಾಧಾರಣ ಗಾಂಧಾರ ಮಾಡಿಕೊಂಡ. ಆ ಒಂದು ತಂತಿಯ ಇಳಿತದಿಂದ ಇಡೀ ಹಾಡಿಗೆ ಮೋಡ ಕವಿಯುತ್ತದೆ. ನಮ್ಮಲ್ಲೂ ಮಾಲಕಂಸ ಹಾಡುವಾಗ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸುವುದಿಲ್ಲವೇ? ಧಾರವಾಡದ ಕಡೆ ಕಛೇರಿ ಕೇಳಿದ ಯಾರಾದರೂ ಅದನ್ನು ಅಜ್ಞಾನ ಎಂದಾರೆಯೇ?

ಇನ್ನು ಕೇಪೋ. ವೀಣೆಗಿರುವಂತೆ ಗಿಟಾರಿನ ಕತ್ತಿಗೂ ಮೆಟ್ಟುಗಳಿವೆ. ಯಾವ ಮೆಟ್ಟಿನ ಹಿಂದೆ ಈ ಕ್ಲಿಪ್ಪು ಕಚ್ಚಿಸಿದರೂ ಆರೂ ತಂತಿಗಳು ಅಲ್ಲಿಂದಲೇ ಶುರುವಾದ ಹಾಗೆ. ಒಂದೊಂದು ಮೆಟ್ಟಿಗೆ ಅರ್ಧರ್ಧ ಮನೆ ಶ್ರುತಿ ಏರುತ್ತದೆ. ಹುಡುಗಿಗೆ ಎರಡೂವರೆ ಮನೆ, ಅಂದರೆ ಇ ಫ್ಲ್ಯಾಟ್, ಒಗ್ಗುತ್ತದೆ ಎನ್ನಿ. ಕೇಪೋ ಇಲ್ಲದೆ ಅದನ್ನು ನುಡಿಸಹೊರಟರೆ ತೋರುಬೆರಳನ್ನು ಅಡ್ಡಡ್ಡ ಮಲಗಿಸಿ ತಂತಿಗಳನ್ನೆಲ್ಲ ಅದುಮಿ ಹಿಡಿಯಬೇಕು. ಬಿಡಿ ತಂತಿಗಳ ಮೊಳಗು ಹೋಯಿತು, ಹೆಬ್ಬೆರಳಿನ ಆ ಓಲಾಟವೂ ಹೋಯಿತು. ಅದೇ ಮೂರನೇ ಮೆಟ್ಟಿಗೆ ಕೇಪೋ ಹಾಕಿ ಸಿ ಹಿಡಿತದಲ್ಲೇ ನುಡಿಸಲಿ. ಬೆರಳ ಕೆಲಸ ಬದಲಾಗುವುದಿಲ್ಲ, ಹಾಡು ಅವಳ ಕಂಠಕ್ಕೆ ಬಂದು ಕೂರುತ್ತದೆ. ಇದರಲ್ಲಿ ಮೋಸ ಎಲ್ಲಿದೆ? ಯಾರಿಗೆ ಮೋಸ?

ಅಮೆರಿಕದಲ್ಲೂ ಈ ಕ್ಲಿಪ್ಪಿಗೆ ‘ಚೀಟರ್’ ಎಂಬ ಅಡ್ಡಹೆಸರಿದೆ. ಮೇಷ್ಟ್ರು ಅದನ್ನೇ ಗಿಣಿಪಾಠ ಒಪ್ಪಿಸಿರಬೇಕು. ಸ್ಪೇನಿನ ಫ್ಲಮೆಂಕೋ ವಾದಕರು ಹಾಡುವವರ ಕಂಠ ನೋಡಿಕೊಂಡು ಕೇಪೋವನ್ನು ಹಿಂದೆ ಮುಂದೆ ಸರಿಸುವುದು ದಿನನಿತ್ಯದ ಕೆಲಸ. ಅವರ ಬೆರಳಿನ ವೇಗ ಕಂಡವರು ಅವರನ್ನು ಕೈಲಾಗದವರು ಎಂದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ.

ಬ್ಲೂಸ್‌ನವರ ಈ ಬಿಡಿ ಶ್ರುತಿಗಳಿಗೆ ಹೆಸರು ಬಂದ ಬಗೆಯನ್ನು ಹೆಂಗಸರಾದ ನಾವು ತಿಳಿದಿರಬೇಕು. ಸ ಪ ಸ ಗ ಪ ಸ ಶ್ರುತಿಯನ್ನು ಅಲ್ಲಿನ ಹಳಬರು ‘ವೆಸ್ಟಾಪೋಲ್’ ಎನ್ನುತ್ತಿದ್ದರು, ಇನ್ನೊಂದನ್ನು ‘ಸ್ಪ್ಯಾನಿಷ್’ ಎನ್ನುತ್ತಿದ್ದರು. 1860ರ ಸುಮಾರಿಗೆ ಹೆನ್ರಿ ವೊರಾಲ್ ಎಂಬ ಗಿಟಾರ್ ಶಿಕ್ಷಕ ಪ್ರಕಟಿಸಿದ ಎರಡು ಕೃತಿಗಳಿವೆ. 1854-55ರ ಕ್ರಿಮಿಯಾ ಯುದ್ಧದ ಮುತ್ತಿಗೆಯ ನೆನಪಿನ ‘ಸೆಬಾಸ್ಟೊಪೋಲ್’ ಒಂದು, ‘ಸ್ಪ್ಯಾನಿಷ್ ಫ್ಯಾಂಡಾಂಗೋ’ ಇನ್ನೊಂದು. ಆ ಕಾಲದಲ್ಲಿ ಅಮೆರಿಕದ ಅನುಕೂಲಸ್ಥ ಮನೆಗಳಲ್ಲಿ ಗಿಟಾರು ಎಂದರೆ ನಡುಮನೆಯಲ್ಲಿ ಹೆಣ್ಣುಮಕ್ಕಳು ನುಡಿಸುವ ವಾದ್ಯ, ನಮ್ಮ ಅಜ್ಜಿಯರ ಕಾಲದಲ್ಲಿ ಮದುವೆಗೆ ಮುಂಚೆ ಹಾರ್ಮೋನಿಯಂ ಕಲಿಸುತ್ತಿದ್ದ ಹಾಗೆ. ಆ ನಡುಮನೆಯ ಶ್ರುತಿಗಳು ದಕ್ಷಿಣದ ಕರಿಯ ಕೂಲಿಕಾರರ ಜಗುಲಿಗೆ ಬಂದವು. ಆಫ್ರಿಕಾದಿಂದ ಹಿಡಿದು ತಂದ ಜನರಿಂದ ಬಂದ ಬ್ಯಾಂಜೋ ವಾದ್ಯದ ಬಿಡಿ ಶ್ರುತಿ ಆ ಜಗುಲಿಯಲ್ಲಿ ಮೊದಲೇ ಇತ್ತು. ಎರಡೂ ಕಲೆತವು. ಬಾಯಿಂದ ಬಾಯಿಗೆ ಹೋಗುತ್ತಾ ಸೆಬಾಸ್ಟೊಪೋಲ್ ಹೋಗಿ ವೆಸ್ಟಾಪೋಲ್ ಆಯಿತು. 1929ರಿಂದ ತಟ್ಟೆಗಳಿಗೆ ಹಾಡಿದ ಮೆಂಫಿಸ್ ಮಿನ್ನಿ ಈ ಸ್ಪ್ಯಾನಿಷ್ ಶ್ರುತಿಯನ್ನು ಬಳಸಿದಾಕೆ. ಗಂಡಸರ ನಡುವೆ ಗಿಟಾರು ಹಿಡಿದು ಕೂತು ಅವರಿಗೆ ಸರಿಸಮ ನುಡಿಸಿದ ಹೆಂಗಸು ಆಕೆ. ‘ಸಂಗೀತದ ಗಂಧ ಇಲ್ಲದವರು’ ಎಂದರಲ್ಲ, ಅವರು ಇವರು!

ಈಗ ಎಲಿಜಬೆತ್ ಕಾಟನ್ ವಿಷಯಕ್ಕೆ ಬರುತ್ತೇನೆ. 1893ರಲ್ಲಿ ಉತ್ತರ ಕೆರೊಲಿನಾದ ಕಾರ್‌ಬರೋದಲ್ಲಿ ಹುಟ್ಟಿದ ಕರಿಯ ಹುಡುಗಿ. ಎಡಚಿ. ಅಣ್ಣ ಕೆಲಸಕ್ಕೆ ಹೋದಾಗ ಅವನ ಬ್ಯಾಂಜೋ ಕದ್ದು ನುಡಿಸುತ್ತಿದ್ದಳು. ಬಲಗೈಯವರ ವಾದ್ಯವನ್ನು ತಲೆಕೆಳಗು ಹಿಡಿದು ನುಡಿಸಿದಳು, ಹಾಗೆಯೇ ಕಲಿತಳು. ಶಾಲೆ ಬಿಟ್ಟು ತಿಂಗಳಿಗೆ 75 ಸೆಂಟಿಗೆ ಮನೆಗೆಲಸಕ್ಕೆ ಸೇರಿದಳು. ಕೂಡಿಟ್ಟ ಆ ದುಡ್ಡಿನಲ್ಲೇ 3 ಡಾಲರ್ 75 ಸೆಂಟಿನ ಗಿಟಾರು ಬಂತು. ಲೆಕ್ಕ ಹಾಕಿ, ಐದು ತಿಂಗಳ ಕಸಮುಸುರೆ. ಅದನ್ನೂ ತಲೆಕೆಳಗಾಗಿಯೇ ಹಿಡಿದಳು. ಎಲ್ಲರ ಹೆಬ್ಬೆರಳು ಮಂದ್ರ ಮೀಟಿದರೆ ಈಕೆಯ ಬೆರಳುಗಳು ಮಂದ್ರ ಮೀಟಿದವು, ಹೆಬ್ಬೆರಳು ಹಾಡು ನುಡಿಸಿತು. ಹುಡುಗಿಯಾಗಿದ್ದಾಗಲೇ ‘ಫ್ರೈಟ್ ಟ್ರೇನ್’ ಹಾಡು ಕಟ್ಟಿದಳು. ಆಮೇಲೆ ಮದುವೆ, ಮಗು. ಲೌಕಿಕ ಹಾಡು ಬಿಡು ಎಂದು ಚರ್ಚಿನ ಹಿರಿಯರ ಬುದ್ಧಿವಾದ. ಗಿಟಾರು ಮೂಲೆ ಸೇರಿತು, ಒಂದೆರಡಲ್ಲ, ದಶಕಗಳ ಕಾಲ.

1940ರ ದಶಕದ ಕೊನೆಯಲ್ಲಿ ವಾಷಿಂಗ್ಟನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ಗುಂಪಿನಲ್ಲಿ ತಪ್ಪಿಸಿಕೊಂಡ ಹುಡುಗಿಯೊಬ್ಬಳನ್ನು ತಾಯಿಯ ಬಳಿ ಸೇರಿಸಿದಳು. ಹುಡುಗಿ ಪೆಗಿ ಸೀಗರ್, ತಾಯಿ ಸಂಗೀತ ರಚನಕಾರ್ತಿ ರೂತ್ ಕ್ರಾಫರ್ಡ್ ಸೀಗರ್. ಆ ಮನೆಯಲ್ಲಿ ಕಾಟನ್ ಅಡುಗೆ, ಇಸ್ತ್ರಿ ಮಾಡಿಕೊಂಡಿದ್ದಳು. ಒಂದು ದಿನ ಗೋಡೆಯ ಗಿಟಾರು ಇಳಿಸಿ ನುಡಿಸಿದಾಗಲೇ ಮನೆಯವರಿಗೆ ಈಕೆ ಯಾರೆಂದು ತಿಳಿದದ್ದು. ಪೆಗಿಯ ಅಣ್ಣ ಮೈಕ್ ಧ್ವನಿಮುದ್ರಿಸಿದ ತಟ್ಟೆ 1958ರಲ್ಲಿ ಫೋಕ್‌ವೇಸ್‌ನಿಂದ ಬಂತು. ವೆಸ್ಟಾಪೋಲ್ ಶ್ರುತಿಯ ನುಡಿಕೆಯೂ ಅದರಲ್ಲಿದೆ. ಅಷ್ಟರೊಳಗೆ ಆಕೆಯ ‘ಫ್ರೈಟ್ ಟ್ರೇನ್’ ಇಂಗ್ಲೆಂಡಿಗೆ ಹೋಗಿ, ಬೇರೆ ಯಾರೋ ಇಬ್ಬರ ಹೆಸರಿನಲ್ಲಿ ಹಕ್ಕು ದಾಖಲಾಗಿ, 1957ರಲ್ಲಿ ಅಲ್ಲಿ ಮನೆಮಾತಾಗಿತ್ತು. ತಲೆಕೆಳಗು ಹಿಡಿತವನ್ನು ತಪ್ಪು ಎನ್ನುವ ಲೋಕಕ್ಕೆ ಹಾಡು ಎತ್ತಿಕೊಳ್ಳುವಾಗ ಯಾವ ಸಂಕೋಚವೂ ಇರಲಿಲ್ಲ ನೋಡಿ. ಆಕೆಯ ಹೆಸರು ಮುಂದೆ ಸೇರಿತು. 1985ರಲ್ಲಿ ಗ್ರ್ಯಾಮಿ ಬಂದಾಗ ಆಕೆಗೆ ತೊಂಬತ್ತು ದಾಟಿತ್ತು, ತೀರಿಕೊಂಡದ್ದು 1987ರಲ್ಲಿ. ಇವತ್ತು ಆ ನುಡಿಕೆಗೆ ಆಕೆಯದೇ ಹೆಸರು. ಬಲಗೈಯವರು ಅದನ್ನು ತಮ್ಮ ಕೈಗೆ ತಿರುಗಿಸಿಕೊಂಡು ಕಲಿಯುತ್ತಾರೆ.

ಎಡಗೈಯಲ್ಲಿ ಬಳಪ ಹಿಡಿದ ಮಗುವಿನ ಬೆರಳು ಬಿಡಿಸಿ ಬಲಗೈಗೆ ಇಡುವುದನ್ನು ನಾನು ಶಾಲೆಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಎಡಗೈಯಲ್ಲಿ ಪ್ರಸಾದ ತೆಗೆದುಕೊಂಡರೆ ಮೊಟಕುತ್ತೇವೆ, ಅದು ಮನೆಯ ಪದ್ಧತಿ, ಇರಲಿ. ಬರೆಯುವ ಕೈಗೂ ಮೀಟುವ ಕೈಗೂ ಮಡಿಮೈಲಿಗೆ ಏತಕ್ಕೆ?

ಕಾಟನ್‌ಳದೇ ರಾಜ್ಯದಲ್ಲಿ ಎಟ್ಟಾ ಬೇಕರ್ ಇದ್ದಳು. 1913ರ ಮಾರ್ಚಿನಲ್ಲಿ ಹುಟ್ಟಿದವಳು. (ನಮ್ಮ ಗಂಗೂಬಾಯಿ ಹಾನಗಲ್ ಹುಟ್ಟಿದ್ದೂ ಅದೇ ತಿಂಗಳು.) ಒಂಬತ್ತು ಮಕ್ಕಳು, ಬಟ್ಟೆ ಗಿರಣಿಯ ಕೆಲಸ. 1956ರ ಒಂದು ತಟ್ಟೆಯಲ್ಲಿ ಆಕೆಯ ಕೆಲವು ನುಡಿಕೆಗಳು ಬಂದವು. ಆಕೆಯದೇ ಆಲ್ಬಂ ಬರಲು 1991 ಆಗಬೇಕಾಯಿತು. ಗಂಗೂಬಾಯಿಯವರ ಹೆಸರು ಬಂದದ್ದರಿಂದ ಒಂದು ಮಾತು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಗಡಸಾಗಿ ಕೆಳಗಿಳಿಯಿತು. ತಂಬೂರಿಯೂ ಅವರ ಜೊತೆ ಇಳಿಯಿತು. ಹೆಂಗಸಿನ ಶ್ರುತಿ ಇಂತಿಷ್ಟೇ ಮನೆಯಲ್ಲಿರಬೇಕು ಎಂದು ಹಟ ಹಿಡಿದಿದ್ದರೆ ಕಿರಾಣಾ ಘರಾಣೆ ಎಂಥ ಗಾಯಕಿಯನ್ನು ಕಳೆದುಕೊಳ್ಳುತ್ತಿತ್ತು!

ಕೆನಡಾದ ಜೋನಿ ಮಿಚೆಲ್ ಒಂಬತ್ತನೇ ವಯಸ್ಸಿನಲ್ಲಿ ಪೋಲಿಯೋ ಆಗಿ ಎಡಗೈಯ ಬಲ ಕಳೆದುಕೊಂಡಾಕೆ. ವಾಡಿಕೆಯ ಹಿಡಿತಗಳು ಕಷ್ಟವಾದವು, ತಂತಿಗಳ ಶ್ರುತಿಯನ್ನೇ ಬದಲಿಸಿಕೊಂಡಳು. ಐವತ್ತಕ್ಕೂ ಹೆಚ್ಚು ಬಗೆಯ ಶ್ರುತಿಗಳು ಆಕೆಯ ಹಾಡುಗಳಲ್ಲಿವೆ. ಬ್ಲೂಸ್‌ನವಳಲ್ಲ ಎಂದು ಯಾರಾದರೂ ತಕರಾರು ತೆಗೆದಾರು. ಒಪ್ಪಿದೆ, ಮುಂದಕ್ಕೆ ಹೋಗೋಣ.

ಎದುರು ಮಾತಿಗೂ ಕಿವಿ ಕೊಡಬೇಕು. ವಾಡಿಕೆಯ ಶ್ರುತಿಯನ್ನು ಮೊದಲು ಕಲಿಯಲಿ ಎಂದರೆ ನನಗೆ ಪೂರ್ತಿ ಸಮ್ಮತ. ಕಾಗುಣಿತ ಬಾರದೆ ಒತ್ತಕ್ಷರ ಬರುವುದಿಲ್ಲ. ಬಿಡಿ ಶ್ರುತಿಗೆ ಇಳಿಸಿದ ಗಿಟಾರಿನಲ್ಲಿ ಬೇರೆ ಶ್ರುತಿಯ ಹಾಡು ತೆಗೆಯುವುದು ಕಷ್ಟವೆಂಬುದೂ ನಿಜ. ಕೇಪೋವನ್ನು ಓರೆಯಾಗಿ, ಬಿಗಿಯಾಗಿ ಹಾಕಿದರೆ ತಂತಿ ಎಳೆದು ಅಪಸ್ವರವಾಗುತ್ತದೆ, ಹಾಕಿದ ಮೇಲೆ ಕಿವಿಗೊಟ್ಟು ತಿದ್ದಿಕೊಳ್ಳಬೇಕು. ಕೇಪೋ ಶ್ರುತಿಯನ್ನು ಏರಿಸೀತೇ ಹೊರತು ಇಳಿಸಲಾರದು, ತಗ್ಗಿನ ಕಂಠದವಳು ಬಿರಡೆಯನ್ನೇ ನಂಬಬೇಕು. ಇವನ್ನೆಲ್ಲ ಹೇಳಿಕೊಡುವುದಕ್ಕಲ್ಲವೇ ಫೀಸು ಕೊಡುವುದು? ವೆಸ್ಟಾಪೋಲ್ ಶ್ರುತಿಯನ್ನು ಇ ವರೆಗೆ ಏರಿಸಬೇಕಾದರೆ ತಂತಿ ಬಿಗಿದು ಗಿಟಾರಿನ ಕತ್ತಿಗೆ ಭಾರ ಹಾಕುವ ಬದಲು, ಡಿ ಯಲ್ಲೇ ಬಿಟ್ಟು ಎರಡನೇ ಮೆಟ್ಟಿಗೆ ಕೇಪೋ ಹಾಕು ಎಂದು ಹೇಳಿದರೆ ಅದು ಪಾಠ. ‘ಮೋಸ’ ಎಂದರೆ ಅದು ಬರೀ ಬೈಗುಳ.

ಪುಸ್ತಕದಲ್ಲಿ ಅಚ್ಚಾದ ಶ್ರುತಿಯ ವಿಷಯ ಇನ್ನೂ ಇದೆ. ಹಳೆಯ ಬ್ಲೂಸ್ ಹಾಡಿನ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೊದಲು ಹಾಡಿದ ಗಂಡಸಿನ ಶ್ರುತಿ. ನಮ್ಮ ಕರ್ನಾಟಕ ಸಂಗೀತದಲ್ಲಿ ಗಂಡಸರು ಒಂದು ಮನೆಯ ಆಸುಪಾಸು, ಹೆಂಗಸರು ಐದು ಮನೆಯ ಆಸುಪಾಸು ಹಾಡುವುದು ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಮನೆಗೆ ಶ್ರುತಿ ಇಟ್ಟು ಹುಡುಗಿಯನ್ನು ಕೂರಿಸಿ, ಕೆಳಗಿನ ಸ್ವರ ನುಂಗಿದೆ, ಮೇಲಿನದು ಒಡೆಯಿತು ಎಂದರೆ ಪರೀಕ್ಷೆಗೆ ಕೂತದ್ದು ಕಂಠವೋ ಶ್ರುತಿಪೆಟ್ಟಿಗೆಯೋ? ಶಾಲೆಯ ವಾರ್ಷಿಕೋತ್ಸವಗಳಲ್ಲಿ ಇದನ್ನೇ ನೋಡುತ್ತೇನೆ. ಹಾರ್ಮೋನಿಯಂ ನುಡಿಸುವವರು ತಮ್ಮ ಕೈಗೆ ಪಳಗಿದ ಮನೆ ಹಿಡಿಯುತ್ತಾರೆ, ಹುಡುಗಿಯರು ಕತ್ತಿನ ನರ ಉಬ್ಬಿಸಿಕೊಂಡು ಕಿರುಚುತ್ತಾರೆ, ಸಭೆಯಲ್ಲಿ ತಾಯಂದಿರು ತಲೆ ತಗ್ಗಿಸುತ್ತಾರೆ.

ನನ್ನ ಹುಡುಗಿಯ ತಾಯಿ ಮೊನ್ನೆ ಸಿಕ್ಕಿ, ‘ಹೋಗಲಿ ಬಿಡಿ ಟೀಚರ್, ಅವಳಿಗೆ ದೇವರು ಕಂಠ ಕೊಟ್ಟಿಲ್ಲ’ ಎಂದರು. ‘ಯಾವ ಮನೆಯಲ್ಲಿ ಹಾಡಿಸಿದ್ದರು ಕೇಳಿದಿರಾ?’ ಎಂದೆ. ಅವರು ಕೇಳಿರಲಿಲ್ಲ, ಹುಡುಗಿಗೂ ಹೇಳುವವರಿರಲಿಲ್ಲ. ಹಾಗಾಗಿ ಆ ಗಿಟಾರು ಮೇಷ್ಟ್ರಲ್ಲಿ ಇಷ್ಟೇ ಕೇಳುತ್ತೇನೆ. ಅವಳನ್ನು ಕರೆಸಿ. ಮೂರನೇ ಮೆಟ್ಟಿಗೆ ಕೇಪೋ ಹಾಕಿ, ಅವಳು ಮೆಚ್ಚಿದ ‘ಫ್ರೈಟ್ ಟ್ರೇನ್’ ಅನ್ನು ಸಿ ಹಿಡಿತದಲ್ಲಿ ನುಡಿಸಿಕೊಂಡು ಹಾಡಲು ಬಿಡಿ. ಅದೂ ಎತ್ತರವಾದರೆ ಎರಡಕ್ಕೆ ಇಳಿಸಿ, ತಗ್ಗಾದರೆ ಐದಕ್ಕೆ ಏರಿಸಿ. ಹಾಡು ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡಿ. ಆಮೇಲೆ ಅವಳ ಕಂಠದ ವಿಷಯ ನಾವಿಬ್ಬರೂ ಮಾತಾಡೋಣ.