ಲೋಕಸಭೆಯಲ್ಲಿ ನಮ್ಮ ಮತ ಎತ್ತ ಬಿತ್ತು?

ಲೋಕಸಭೆಗೆ ನಾವು ಸದಸ್ಯರನ್ನು ಆರಿಸಿ ಕಳುಹಿಸುವುದು ಬಸ್ ತಂಗುದಾಣ ಕಟ್ಟಿಸುವುದಕ್ಕಲ್ಲ, ಶಾಸನ ಮಾಡುವುದಕ್ಕೆ. ಎಲ್ಲರೂ ಬಲ್ಲ ಈ ಮಾತನ್ನು ಮತ್ತೆ ಹೇಳಬೇಕಾಗಿ ಬಂದಿದೆ. ಚಳ್ಳಕೆರೆಯ ಪೇಟೆಯಲ್ಲಾಗಲಿ, ಮೊಳಕಾಲ್ಮುರಿನ ಮಗ್ಗದ ಮನೆಗಳಲ್ಲಾಗಲಿ, ನಮ್ಮ ಸಂಸದರು ಏನು ಮಾಡಿದರೆಂದು ಕೇಳಿದರೆ ಜನ ದೀಪದ ಕಂಬವನ್ನೋ ಸಮುದಾಯ ಭವನವನ್ನೋ ತೋರಿಸುತ್ತಾರೆ. ವರ್ಷಕ್ಕೆ 5 ಕೋಟಿ ರೂಪಾಯಿಗಳ ಪ್ರದೇಶಾಭಿವೃದ್ಧಿ ನಿಧಿಯಿಂದ ಆದ ಕೆಲಸದ ಮೇಲೆ ಹೆಸರು ಕೆತ್ತಿಸುವುದು ಸುಲಭ. ಆದರೆ ಯಾವ ಮಸೂದೆಗೆ ಅವರು ಹೌದೆಂದರು, ಯಾವುದಕ್ಕೆ ಅಲ್ಲವೆಂದರು ಎಂದು ಹೇಳುವ ಕಲ್ಲನ್ನು ಈ ಎರಡು ತಾಲ್ಲೂಕುಗಳಲ್ಲಿ ಯಾರೂ ನೆಟ್ಟಿಲ್ಲ.

ಶಾಸನವಾದರೋ ಬಾಗಿಲು ತಟ್ಟದೆ ಮನೆಯೊಳಕ್ಕೆ ಬರುತ್ತದೆ. ಚಳ್ಳಕೆರೆಗೆ ಎಣ್ಣೆ ನಗರವೆಂಬ ಹೆಸರು ತಂದವರು ಶೇಂಗಾ ಗಿರಣಿಗಳ ಕೂಲಿಗಳು. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ, ವಿದ್ಯುತ್ ಬಳಸಿ 10 ಮಂದಿ ದುಡಿಯುವ ಕಡೆ ಅದು ಕಾರ್ಖಾನೆ. 2020ರ ಸೆಪ್ಟೆಂಬರಿನಲ್ಲಿ ಸಂಸತ್ತು ಅಂಗೀಕರಿಸಿ, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಂಹಿತೆ ಆ 10ನ್ನು 20 ಮಾಡಿತು. ಹದಿನೈದು ಆಳುಗಳ ಗಿರಣಿ ನಿನ್ನೆ ಕಾರ್ಖಾನೆಯಾಗಿತ್ತು, ಇಂದು ಅಲ್ಲ. ಯಂತ್ರವೂ ಅದೇ, ಪಟ್ಟಿಗೆ ಸಿಕ್ಕುವ ಕೈಯೂ ಅದೇ. ಕಾರ್ಖಾನೆಗೆಂದು ಮಾಡಿದ ನಿಯಮಗಳು ಮಾತ್ರ ಆ ಬಾಗಿಲಿಗೆ ಬರುವುದಿಲ್ಲ. ಸಣ್ಣ ಗಿರಣಿಯವನ ತಲೆಯ ಮೇಲಿನ ಕಾಗದದ ಹೊರೆ ಇಳಿಯಿತೆನ್ನುವವರಿದ್ದಾರೆ. ಇಳಿದಿರಬಹುದು. ಆದರೆ ಆ ಹೊರೆಯನ್ನು ಇಳಿಸಿದ್ದು ಯಾರ ಹೆಗಲ ಮೇಲೆ ಎಂಬುದನ್ನೂ ಕೇಳಬೇಕು.

ಮೊಳಕಾಲ್ಮುರಿನ ಕಡೆ ನೋಡೋಣ. ಕೈಮಗ್ಗಕ್ಕೆಂದು ಕೆಲವು ಬಗೆಯ ಬಟ್ಟೆಗಳನ್ನು ಕಾಯ್ದಿರಿಸುವ ಕಾಯ್ದೆ 1985ರಲ್ಲಿ ಬಂತು. ಮೊದಲು 22 ಬಗೆಗಳಿದ್ದ ಪಟ್ಟಿ ಈಗ 11ಕ್ಕೆ ಇಳಿದಿದೆ. 1999ರ ಭೌಗೋಳಿಕ ಸೂಚಕಗಳ ಕಾಯ್ದೆಯಂತೆ ಮೊಳಕಾಲ್ಮುರು ಸೀರೆಯ ಹೆಸರಿಗೆ ರಕ್ಷಣೆಯೂ ದೊರೆಯಿತು. ಆದರೆ ಕಳ್ಳ ಹೆಸರಿನ ಸೀರೆ ಮಾರುವವನನ್ನು ಕೋರ್ಟಿಗೆಳೆಯಲು ನೇಕಾರನ ಬಳಿ ಹಣವೆಲ್ಲಿದೆ? ಶಾಸನ ಹಕ್ಕನ್ನು ಕೊಟ್ಟಿತು, ಹಕ್ಕನ್ನು ನಡೆಸುವ ಬಲವನ್ನು ಕೊಡಲಿಲ್ಲ. ಅಂಗಡಿಯವರ ವಿಷಯ ಹೇಳಬೇಕಾದ್ದಿಲ್ಲ. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯ ಲೆಕ್ಕ ಬರೆಯದೆ ಅವರ ವಹಿ ಮುಚ್ಚುವುದಿಲ್ಲ.

ಕುರಿಗಾಹಿಯನ್ನೂ ಮರೆಯುವಂತಿಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳ ಕೈಸೇರಿತು. ಬೇಲಿಯ ಹೊರಗೆ ನಿಂತ ಜನಕ್ಕೆ ಆಗ ಆಸರೆಯಾಗಿದ್ದದ್ದೂ ಶಾಸನಗಳೇ: ಮೇವಿನ ಹಕ್ಕನ್ನು ಮಾನ್ಯಮಾಡಿದ 2006ರ ಅರಣ್ಯ ಹಕ್ಕು ಕಾಯ್ದೆ, ಅಹವಾಲು ಕೇಳಲು ಪೀಠ ಕೊಟ್ಟ 2010ರ ಹಸಿರು ನ್ಯಾಯಮಂಡಳಿ ಕಾಯ್ದೆ. ಆದುದರಿಂದ ಶಾಸನವೆಲ್ಲ ಬಡವನ ವೈರಿಯೆಂದು ನಾವು ಹೇಳುವುದಿಲ್ಲ. ಯಾವ ಶಾಸನಕ್ಕೆ ಯಾರು ಕೈಯೆತ್ತಿದರೆಂದು ತಿಳಿಯಬೇಕೆನ್ನುತ್ತೇವೆ.

ಅದು ತಿಳಿಯುವುದೇ ಇಲ್ಲ ಎಂಬುದು ನಮ್ಮ ತಕರಾರು. ಸಂವಿಧಾನದ ತಿದ್ದುಪಡಿಯಾದರೆ ಸದಸ್ಯರ ಮತವನ್ನು ಎಣಿಸಲೇಬೇಕು. 2023ರ ಸೆಪ್ಟೆಂಬರಿನಲ್ಲಿ ಮಹಿಳಾ ಮೀಸಲಾತಿಗೆ ಲೋಕಸಭೆಯಲ್ಲಿ 454 ಮತ ಪರವಾಗಿ, 2 ವಿರುದ್ಧವಾಗಿ ಬಿದ್ದವೆಂದು ದೇಶಕ್ಕೆ ಗೊತ್ತಾದದ್ದು ಹೀಗೆ. ಸಾಮಾನ್ಯ ಮಸೂದೆಗಳಿಗೆ ಧ್ವನಿಮತ ಸಾಕು. ಹೌದೆಂದವರ ಗದ್ದಲ ಹೆಚ್ಚೆಂದು ಸಭಾಧ್ಯಕ್ಷರಿಗೆ ತೋರಿದರೆ ಮಸೂದೆ ಗೆದ್ದಂತೆ. ಯಾರಾದರೂ ಮತವಿಭಜನೆ ಬೇಡಿ, ಅದು ನಡೆದರೆ ಮಾತ್ರ ಹೆಸರುಗಳು ದಾಖಲೆಗೆ ಬರುತ್ತವೆ. 2020ರ ಕಾರ್ಮಿಕ ಸಂಹಿತೆಗಳು ಧ್ವನಿಮತದಿಂದ ಆದವು. ಅದೇ ತಿಂಗಳಿನ ಮೂರು ಕೃಷಿ ಕಾಯ್ದೆಗಳೂ ಹಾಗೆಯೇ ಆದವು. ರಾಜ್ಯಸಭೆಯಲ್ಲಿ ವಿರೋಧ ಪಕ್ಷಗಳು ಮತವಿಭಜನೆಗೆ ಕೂಗಿದ್ದು ವ್ಯರ್ಥವಾಯಿತು. ರೈತರು ವರ್ಷಕಾಲ ಬೀದಿಯಲ್ಲಿ ಕುಳಿತ ಮೇಲೆ, 2021ರ ನವೆಂಬರ್ 29ರಂದು, ಚರ್ಚೆಯಿಲ್ಲದೆ ಅವುಗಳನ್ನು ತೆಗೆದುಹಾಕಿದ್ದೂ ಧ್ವನಿಮತದಿಂದಲೇ. ತರುವಾಗಲೂ ಹೆಸರಿಲ್ಲ, ತೆಗೆಯುವಾಗಲೂ ಹೆಸರಿಲ್ಲ!

ಪಕ್ಷದ ಆಜ್ಞೆ ಮೀರಿದರೆ ಸದಸ್ಯತ್ವ ಹೋಗುತ್ತದೆ, ನಾವೇನು ಮಾಡೋಣ ಎಂದು ಸಂಸದರು ಹೇಳಬಹುದು. 1985ರ ಪಕ್ಷಾಂತರ ನಿಷೇಧದಿಂದ ಇದು ನಿಜವೂ ಹೌದು. ಖಾಸಗಿ ಸದಸ್ಯರ ಮಸೂದೆಯೊಂದು ಕಾಯ್ದೆಯಾದದ್ದು 1970ರಲ್ಲಿ. ಅಲ್ಲಿಂದೀಚೆಗೆ ಒಂದೂ ಆಗಿಲ್ಲ ಎಂಬುದನ್ನೂ ನಾವು ಬಲ್ಲೆವು. ಆದರೆ ಪಕ್ಷದ ಆಜ್ಞೆ ಕಟ್ಟಿಹಾಕುವುದು ಮತವನ್ನು, ನಾಲಗೆಯನ್ನಲ್ಲ. ಗಿರಣಿಯ ಕೂಲಿಯ ಪರವಾಗಿ ಒಂದು ತಿದ್ದುಪಡಿ ಸೂಚಿಸುವುದಕ್ಕೆ, ಕೈಮಗ್ಗದ ಪಟ್ಟಿಯೇಕೆ ಕುಗ್ಗಿತೆಂದು ಒಂದು ಪ್ರಶ್ನೆ ಕೇಳುವುದಕ್ಕೆ, ಊರಿಗೆ ಬಂದು ತಾವು ಹೌದೆಂದದ್ದು ಏಕೆಂದು ಹೇಳುವುದಕ್ಕೆ ಯಾವ ವಿಪ್ ಅಡ್ಡಬಂದೀತು?

ಇದು ಒಬ್ಬ ವ್ಯಕ್ತಿಯ ಮೇಲಿನ ದೂರಲ್ಲ. ಚಿತ್ರದುರ್ಗ ಕ್ಷೇತ್ರ 1952ರಲ್ಲಿ ಎಸ್. ನಿಜಲಿಂಗಪ್ಪನವರನ್ನು, 1957ರಲ್ಲಿ ಪ್ರಜಾ ಸಮಾಜವಾದಿ ಪಕ್ಷದ ಜೆ. ಮಹಮದ್ ಇಮಾಂ ಅವರನ್ನು, 2019ರಲ್ಲಿ ಎ. ನಾರಾಯಣಸ್ವಾಮಿಯವರನ್ನು, 2024ರಲ್ಲಿ ಗೋವಿಂದ ಕಾರಜೋಳರನ್ನು ಆರಿಸಿತು. ಯಾವ ಪಕ್ಷದವರೇ ಇರಲಿ, ನಮ್ಮ ಕೋರಿಕೆ ಒಂದೇ.

ಪ್ರತಿ ಅಧಿವೇಶನಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಸಂಸದರು ಚಳ್ಳಕೆರೆಯಲ್ಲೂ ಮೊಳಕಾಲ್ಮುರಿನಲ್ಲೂ ಸಭೆ ಕರೆಯಲಿ. ತಾವು ಬೆಂಬಲಿಸಿದ ಮಸೂದೆಗಳ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಹಂಚಲಿ. ಅದರಿಂದ ಕೂಲಿಗೇನು, ನೇಕಾರನಿಗೇನು, ಅಂಗಡಿಯವನಿಗೇನು ಎಂಬುದನ್ನು ಎರಡೆರಡು ಸಾಲಿನಲ್ಲಿ ಬರೆಯಲಿ. ಇದಕ್ಕೆ ನಿಧಿ ಬೇಡ, ಟೆಂಡರು ಬೇಡ, ಶಂಕುಸ್ಥಾಪನೆಯೂ ಬೇಡ. ಗಿರಣಿಯ ಸಂಘಗಳು, ನೇಕಾರರ ಸಹಕಾರ ಸಂಘಗಳು, ವರ್ತಕರ ಸಂಘಗಳು ಈಗಲೇ ಒಂದೊಂದು ಕಾಗದ ಬರೆದು ಇದನ್ನು ಕೇಳಬೇಕು. ಓಟು ಹಾಕುವಾಗ ನಮ್ಮ ಹೆಸರನ್ನು ಪಟ್ಟಿಯಲ್ಲಿ ಹುಡುಕಿ ಗುರುತು ಹಾಕಿಕೊಳ್ಳುತ್ತಾರೆ. ಆ ಓಟಿನಿಂದ ದೆಹಲಿಗೆ ಹೋದವರ ಹೆಸರನ್ನು ಪಟ್ಟಿಯಲ್ಲಿ ಕಾಣುವ ಹಕ್ಕು ನಮಗೂ ಉಂಟು.