ನೆಲ ಅಳೆದೆ, ಫ್ಯಾನ್ ಅಳೆಯಲಿಲ್ಲ

ಮಕ್ಕಳ ಮಂಚ ತರೋ ಮೊದಲು ನಾನು ನೆಲ ಅಳೆದೆ. ಗೋಡೆ ಅಳೆದೆ. ಬಾಗಿಲು ತೆರೆದರೆ ಮಂಚಕ್ಕೆ ತಾಗುತ್ತೋ ಅಂತ ಅದನ್ನೂ ಅಳೆದೆ. ತಲೆ ಎತ್ತಿ ಮೇಲೆ ಮಾತ್ರ ನೋಡಲಿಲ್ಲ.

ನಮ್ಮದು ಹುಬ್ಬಳ್ಳಿ ಕೇಶ್ವಾಪುರದಲ್ಲಿ ಬಾಡಿಗೆ ಮನೆ. ಹಾಲ್‌ನಲ್ಲಿ ಮಾವನವರ ದಿವಾನ. ನಮ್ಮದೊಂದು ಬೆಡ್‌ರೂಮ್. ಅದರ ಪಕ್ಕದಲ್ಲಿ ಕೋಣೆ ಅನ್ನಲು ಸಂಕೋಚವಾಗುವಂಥ ಇನ್ನೊಂದು ಕೋಣೆ. ಉದ್ದ 10 ಅಡಿ, ಅಗಲ 9. ಮಗಳಿಗೆ 11, ಮಗನಿಗೆ 5. ಇಬ್ಬರಿಗೂ ಅದೇ. ಎರಡು ಮಂಚ ಹಾಕಿದರೆ ಓದೋಕೆ, ಆಡೋಕೆ ನೆಲವೇ ಉಳಿಯೋದಿಲ್ಲ.

ಧಾರವಾಡದ ಆಫೀಸಿಗೆ ಚಿಗರಿ ಬಸ್ಸಿನಲ್ಲಿ ಹೋಗಿಬರುತ್ತಾ ಎರಡು ವಾರ ಫೋನಿನಲ್ಲಿ ಬರೀ ಮಂಚ ನೋಡಿದೆ. ಜಾಗ ಉಳಿಸೋ ಮಂಚಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದರ ಮೇಲೊಂದು ಇರೋದು ಬಂಕ್. ಒಂದರ ಕೆಳಗಿಂದ ಇನ್ನೊಂದನ್ನು ಎಳೆದುಕೊಳ್ಳೋದು ಟ್ರಂಡಲ್. ಗೋಡೆಗೆ ಮಡಚಿ ನಿಲ್ಲಿಸೋದು ಮರ್ಫಿ. ನೂರು ವರ್ಷಕ್ಕೂ ಹಿಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನು ಮಾಡಿದ ವಿಲಿಯಂ ಮರ್ಫಿ ಅವರ ಹೆಸರೇ ಅದಕ್ಕೆ ಉಳಿದಿದೆ. ಮರ್ಫಿಗೆ ಗೋಡೆಗೆ ದಪ್ಪ ಬೋಲ್ಟ್ ಹೊಡೀಬೇಕು, ಮನೆ ಮಾಲೀಕರು ಬಿಡೋದಿಲ್ಲ. ಟ್ರಂಡಲ್ ದಿನಾ ಎಳೆಯೋ ಕೆಲಸ ಅನ್ನಿಸಿತು. ಕಬ್ಬಿಣದ ಬಂಕ್ ಆರ್ಡರ್ ಮಾಡಿದೆ.

ಬಂದ ದಿನ ಮಗಳು ಏಣಿ ಹತ್ತಿ ಮೇಲೆ ಕೂತವಳು ಊಟಕ್ಕೂ ಇಳಿಯಲಿಲ್ಲ. ತನ್ನ ಪುಸ್ತಕ, ಬಣ್ಣದ ಪೆನ್ಸಿಲು, ಬೀಗದ ಡೈರಿ ಎಲ್ಲ ಮೇಲೆ ಸಾಗಿಸಿದಳು. "ಮಮ್ಮಿ, ಇದು ನಂದು. ಇವ ಬರಂಗಿಲ್ಲ" ಅಂತ ತಮ್ಮನಿಗೆ ಕೇಳುವಂತೆ ಹೇಳಿದಳು.

ಅವ ಬಂದ. ಐದು ವರ್ಷದ ಹುಡುಗನಿಗೆ ಏಣಿ ತೋರಿಸಿ ಹತ್ತಬೇಡ ಅಂದರೆ ಕೇಳುತ್ತಾನೆಯೇ?

ಒಂಬತ್ತನೇ ದಿನ ರಾತ್ರಿ ನಾನು ರೊಟ್ಟಿ ಬಡಿಯುತ್ತಿದ್ದೆ. ಒಳಗಿನಿಂದ ಧಡ್ ಅಂತ ಸಪ್ಪಳ, ಆಮೇಲೆ ಅಳು. ಮಗ ಮೇಲೆ ಹತ್ತಿ, ಪ್ಯಾರಾಚೂಟ್ ಅಂತ ಕೌದಿ ಮೇಲಕ್ಕೆ ಹಾರಿಸಿದ್ದ. ಓಡುತ್ತಿದ್ದ ಫ್ಯಾನು ಕೌದಿ ಎಳೆದುಕೊಂಡು ಸುತ್ತಿಕೊಂಡಿತ್ತು. ಒಂದು ರೆಕ್ಕೆ ಬಾಗಿತ್ತು. ಅವನ ಮುಂಗೈ ಮೇಲೆ ಒಂದು ತರಚು ಗಾಯ, ಅಷ್ಟೇ. ನಮ್ಮವ್ವ ತನ್ನ ಹಳೇ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ನಡುವೆ ಹರಿದಿತ್ತು. ಕೌದಿ ಜಾಗದಲ್ಲಿ ಕೈ ಇದ್ದಿದ್ದರೆ ಅಂತ ಯೋಚಿಸಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಬ್ಬರನ್ನೂ ನೆಲದ ಮೇಲೆ ಮಲಗಿಸಿ ನಡುವೆ ನಾನು ಮಲಗಿದೆ.

ಬೆಳಿಗ್ಗೆ ಟೇಪ್ ಹಿಡಿದು ಮೇಲೆ ಅಳೆದೆ. ನೀವೂ ಬಂಕ್ ತರೋ ಯೋಚನೆಯಲ್ಲಿದ್ದರೆ ಈ ಲೆಕ್ಕ ಒಮ್ಮೆ ಮಾಡಿ. ನಮ್ಮ ಫ್ಯಾನಿನ ರೆಕ್ಕೆ ನೆಲದಿಂದ 8 ಅಡಿ 3 ಇಂಚಿನಲ್ಲಿ ತಿರುಗುತ್ತದೆ. ಮೇಲಿನ ಗಾದಿ 5 ಅಡಿ 7 ಇಂಚಿನಲ್ಲಿ. ಮಗಳು ಅಲ್ಲಿ ಕೂತರೆ ಅವಳ ನೆತ್ತಿಗೂ ರೆಕ್ಕೆಯ ಮಟ್ಟಕ್ಕೂ ನಾಲ್ಕೇ ಇಂಚು. ಕೋಣೆಯ ಅಗಲ 9 ಅಡಿ, ಫ್ಯಾನಿನ ಸುತ್ತು 4 ಅಡಿ. ಅಂದರೆ ರೆಕ್ಕೆ ಗೋಡೆಯಿಂದ ಎರಡೂವರೆ ಅಡಿವರೆಗೂ ಬರುತ್ತದೆ. ಮಂಚದ ಅಗಲ 3 ಅಡಿ. ಅರ್ಧ ಅಡಿ ಮಂಚ ಫ್ಯಾನಿನ ಕೆಳಗೇ ಇತ್ತು.

ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 6 ವರ್ಷದೊಳಗಿನವರನ್ನು ಮೇಲಿನ ಮಂಚದಲ್ಲಿ ಮಲಗಿಸಬೇಡಿ ಅನ್ನುತ್ತದೆ. ಅಲ್ಲಿನ ಸುರಕ್ಷತಾ ನಿಯಮದ ಪ್ರಕಾರ ಮೇಲಿನ ಮಂಚದ ಕಟಾಂಜನ ಗಾದಿಗಿಂತ ಕನಿಷ್ಠ 5 ಇಂಚು ಎತ್ತರ ಇರಬೇಕು, ಮಗುವಿನ ದೇಹ ತೂರುವಂಥ ಸಂದು ಇರಬಾರದು. ಆರು ವರ್ಷದ ಮಾತು ನಾನು ಮೊದಲೇ ಓದಿದ್ದೆ. ಸಣ್ಣವ ಮಲಗೋದು ಕೆಳಗೆ ತಾನೇ ಅಂತ ಬಿಟ್ಟೆ. ಮಕ್ಕಳು ಮಂಚದ ಮೇಲೆ ಮಲಗೋದಕ್ಕಿಂತ ಹತ್ತಿ ಇಳಿಯೋದೇ ಜಾಸ್ತಿ ಅನ್ನೋದು ನನಗೆ ಹೊಳೆಯಲಿಲ್ಲ.

"ಬಂಕ್ ತೆಗೆದುಬಿಡೂಣು" ಅಂದೆ. ಮಗ ಸುಮ್ಮನಿದ್ದ. ಮಗಳ ಕಣ್ಣು ತುಂಬಿತು. "ತಪ್ಪು ಮಾಡಿದವ ಅವ. ಮತ್ತ ನಾ ಎಲ್ಲಿ ಹೋಗ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ವರ್ಷದಿಂದ ಅವಳು ಬಟ್ಟೆ ಬದಲಿಸಲು ಬಾತ್‌ರೂಮಿಗೆ ಹೋಗುತ್ತಿದ್ದಳು. ಕೌದಿ ಮುಸುಕು ಹಾಕಿಕೊಂಡು ಡೈರಿ ಬರೆಯುತ್ತಿದ್ದಳು. ನಾನು ನೋಡಿಯೂ ನೋಡಿರಲಿಲ್ಲ. ಅವಳಿಗೆ ಸಿಕ್ಕಿದ್ದು ಮಂಚ ಅಂದುಕೊಂಡಿದ್ದೆ. ಅವಳ ಪಾಲಿಗೆ ಅದು ಕೋಣೆಯಾಗಿತ್ತು.

ದಾರಿ ತೋರಿಸಿದವರು ಮಾವನವರು. ಅವರು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳ ದುರಸ್ತಿ ಮಾಡಿ ನಿವೃತ್ತರಾದವರು. "ನೋಡವಾ, ಸ್ಲೀಪರ್ ಬೋಗಿಯೊಳಗ ಒಂದು ಕಟ್ಟಿಗೆ ಎಂಟು ಮಂದಿ ಮಲಗ್ತಾರ. ಹೆಂಗ? ನಡುವಿನ ಬರ್ತ್ ರಾತ್ರಿ ಹತ್ತರಿಂದ ಮುಂಜಾನೆ ಆರರ ತನಕ ಅಷ್ಟ. ಹಗಲೊತ್ತು ಅದು ಕೂಡ್ರೂ ಸೀಟಿಗೆ ಬೆನ್ನು. ನಿಮ್ಮ ಮಂಚಾನೂ ರಾತ್ರಿಗೆ ಮಾತ್ರ ಹೊರಗ ಬರಲಿ."

"ಹಂಗಾರ ಇನ್ನೊಂದು ಹೊಸಾದು ತರಬೇಕೇನ್ರಿ ಮಾವಾರ?"

"ಹೊಸಾದ್ಯಾಕ? ಇದನ್ನ ಕಡಸೂಣು."

ಬಂಕನ್ನು ಗೋಕುಲ ರಸ್ತೆಯ ಒಂದು ವೆಲ್ಡಿಂಗ್ ಅಂಗಡಿಗೆ ಒಯ್ದೆವು. ಕೆಳಗಿನ ಮಂಚದ ಕಾಲಿಗೆ ಆರು ಇಂಚು ಕೂಡಿಸಿದರು. ಮೇಲಿನದನ್ನು ಬೇರೆ ಮಾಡಿ, ಕಾಲುಗಳ ನಡುವೆ ಹೋಗುವಂತೆ ಉದ್ದದಲ್ಲಿ ಮೂರು ಇಂಚು ಕಡಿದು, ಬ್ರೇಕ್ ಇರುವ ಗಾಲಿ ಹಾಕಿದರು. ಈಗ ರಾತ್ರಿ ಎಳೆದರೂ ನಡೆಯಲು ಮೂರಡಿ ಉಳಿಯುತ್ತದೆ. ಹಗಲು ಒಳಗೆ ತಳ್ಳಿದರೆ ಆರಡಿ ನೆಲ ಖಾಲಿ.

ಮಾವನವರು ಹೇಳಿದ ಎರಡು ಮಾತು ನಿಮಗೂ ಉಪಯೋಗಕ್ಕೆ ಬರಬಹುದು. ಗಾಲಿ ಮಂಚಕ್ಕೆ ಇಡೀ ಪ್ಲೈವುಡ್ ಹಾಕಬಾರದು, ಸಂದು ಬಿಟ್ಟು ಪಟ್ಟಿ ಹಾಕಬೇಕು. ನೆಲಕ್ಕೆ ಹತ್ತಿರ ಇರುವುದರಿಂದ ಮಳೆಗಾಲದಲ್ಲಿ ಗಾಳಿಯಾಡದೆ ಗಾದಿ ಮುಗ್ಗಲು ಹಿಡಿಯುತ್ತದೆ. ಮತ್ತೆ, ಒಳಗೆ ತಳ್ಳುವ ಗಾದಿ ತೆಳುವಾಗಿರಬೇಕು. ನಾವು ನಾಲ್ಕು ಇಂಚಿನ ಅರಳೆ ಗಾದಿ ಹೊಲಿಸಿದೆವು. ವಾರಕ್ಕೊಮ್ಮೆ ಅದಕ್ಕೆ ಬಿಸಿಲು ಬೇಕು. ಆ ಕೆಲಸ ನಮ್ಮ ಯಜಮಾನರದು.

ಎತ್ತರದ ಮಂಚ ಮಗಳದು. ಅದರ ಸುತ್ತ ಪರದೆ ಎಳೆಯಲು ತಂತಿ ಕಟ್ಟಿದೆವು. ಒಳಗೆ ಕ್ಲಿಪ್ ಹಾಕೋ ಒಂದು ಸಣ್ಣ ದೀಪ, ಒಂದು ಬೀಗದ ಡಬ್ಬಿ. ಏಣಿ ಬಿಸಾಕಲಿಲ್ಲ, ಗೋಡೆಗೆ ಕಟ್ಟಿ ಯೂನಿಫಾರ್ಮ್ ಹಾಕಲು ಕೊಟ್ಟೆವು. ತಮ್ಮ ಪರದೆಯೊಳಗೆ ಬರಬೇಕಾದರೆ ಮಂಚಕ್ಕೆ ಎರಡು ಸಲ ಬಡೀಬೇಕು. ಈ ನಿಯಮ ನನಗೂ ಇದೆ. ಮೊದಮೊದಲು ಮರೆಯುತ್ತಿದ್ದೆ.

ರೈಲಿನವರೂ ಒಮ್ಮೆ ಸ್ಲೀಪರ್ ಬೋಗಿಯಲ್ಲಿ ಸೈಡಿಗೂ ನಡುವಿನ ಬರ್ತ್ ಹಾಕಿ ನೋಡಿದ್ದರಂತೆ. ಕೂತರೆ ತಲೆ ತಾಗುತ್ತೆ ಅಂತ ಮಂದಿ ಬೈದರು, ತೆಗೆದರು. ಮಾವನವರು ಇದನ್ನು ನಗುತ್ತಾ ಹೇಳಿದರು. ನಾನು ಒಂಬತ್ತು ದಿನಕ್ಕೇ ಕಲಿತೆ, ಅದೃಷ್ಟ.

ಹರಿದ ಕೌದಿಯನ್ನು ಅವ್ವನಿಗೆ ಕಳಿಸಿದ್ದೆ. ಮೊನ್ನೆ ವಾಪಸ್ ಬಂತು. ಹರಿದ ಕಡೆ ಮಗಳ ಹಳೇ ಫ್ರಾಕಿನ ತುಂಡು ಹಚ್ಚಿ ಹೊಲಿದಿದ್ದಾಳೆ. ಮಗಳಿಗೆ ಕೊಡಲು ಹೋದೆ. ಪರದೆ ಎಳೆದಿತ್ತು, ಒಳಗೆ ದೀಪ ಉರಿಯುತ್ತಿತ್ತು. ಎರಡು ಸಲ ಬಡಿದೆ.

"ಒಂದ ನಿಮಿಷ ತಡಿ ಮಮ್ಮಿ" ಅಂದಳು. ಕೌದಿ ಹಿಡಿದುಕೊಂಡು ಹೊರಗೇ ನಿಂತೆ.